ಕ್ಲೈವ್ ಪೆಟಿಫರ್ ಮರಪ್ರೇಮಿಯಾದದ್ದು

ಮುನಿಸಿಪಾಲಿಟಿಯವರು ನನ್ನ ನೆರೆಯವನಾದ ಕ್ಲೈವ್ ಪೆಟಿಫರನಿಗೆ ‘ವರ್ಷದ ಮರಪ್ರೇಮಿ’ ಎಂಬ ಫಲಕ ಕೊಟ್ಟ ದಿನ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ತಟ್ಟದೆ ಏನು ಮಾಡಲಿ? ಮರ ಕೊಂದ ಡ್ರಿಲ್ ನನ್ನದೇ ಆಗಿತ್ತು.

ಕ್ಲೈವ್ ನಮ್ಮ ಕರ್ಲೂ ಬೇ ಊರಿನ ಅಂಚೆಯಣ್ಣ. ಮೂವತ್ತು ವರ್ಷ ಕಂಡವರ ಮನೆ ಬಾಗಿಲಲ್ಲಿ ನಿಂತು ಸಮುದ್ರ ನೋಡಿದವನು. ನಿವೃತ್ತನಾದಾಗ ಅವನಿಗಿದ್ದದ್ದು ಒಂದೇ ಆಸೆ: ತನ್ನ ಜಗಲಿಯಲ್ಲೇ ಕುಳಿತು, ಬಿಯರ್ ಕುಡಿಯುತ್ತ ಸಮುದ್ರ ನೋಡಬೇಕು. ಅಡ್ಡ ನಿಂತಿದ್ದದ್ದು ಬೀದಿಬದಿಯ ಎಂಬತ್ತು ವರ್ಷದ ಪೈನ್ ಮರ.

“ಲೋ ಮರ್ವ್, ನಿನ್ ಡ್ರಿಲ್ ಕೊಡೋ. ಗೋಡೆಗೆ ಫೋಟೊ ಹಾಕ್ಬೇಕು,” ಎಂದ. ಕೊಟ್ಟೆ.

ಎರಡು ತಿಂಗಳಲ್ಲಿ ಪೈನ್ ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಬುಡದಲ್ಲಿ ಒಂಬತ್ತು ತೂತು, ತೂತಿನ ತುಂಬ ಕಳೆನಾಶಕ. ಅವನ ಗೋಡೆಯ ಮೇಲೆ ಫೋಟೊ ಮಾತ್ರ ಇವತ್ತಿಗೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಹೇಡಿತನವೇ, ಒಪ್ಪುತ್ತೇನೆ.

ಯಾರೂ ಸಿಕ್ಕಿಬೀಳಲಿಲ್ಲ. ಮುನಿಸಿಪಾಲಿಟಿಯವರು ಸತ್ತ ಮರ ಕಡಿದು, ಅಲ್ಲೇ ಒಂದು ಸಸಿ ನೆಟ್ಟು, ಅದರ ಹಿಂದೆ ಎರಡಾಳೆತ್ತರದ, ಲಾರಿಯಷ್ಟು ಉದ್ದದ ಬೋರ್ಡು ನಿಲ್ಲಿಸಿದರು: ‘ಇಲ್ಲಿದ್ದ ಮರಕ್ಕೆ ಯಾರೋ ವಿಷ ಹಾಕಿದ್ದಾರೆ. ಹೊಸ ಮರ ಇಷ್ಟೆತ್ತರ ಬೆಳೆಯುವವರೆಗೆ ಈ ಬೋರ್ಡು ಇಲ್ಲೇ ಇರುತ್ತದೆ.’ ಮೊದಲು ಕೊಂಬೆಗಳ ಸಂದಿಯಲ್ಲಾದರೂ ಇಣುಕುತ್ತಿದ್ದ ಸಮುದ್ರ ಈಗ ಅಂಗೈಯಷ್ಟೂ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಮರಸೇವೆ! ಬೇಸಿಗೆಯಲ್ಲಿ ನೀರಿನ ಕೊರತೆಯಿಂದ ಗಿಡಗಳಿಗೆ ಪೈಪು ಹಿಡಿಯುವುದಕ್ಕೆ ನಿಷೇಧ ಬಂದಾಗ, ಕಾಲ ಬಳಿ ಬಕೆಟ್ ಇಟ್ಟುಕೊಂಡು ಸ್ನಾನ ಮಾಡಿ, ಆ ನೀರನ್ನೇ ಹೊತ್ತು ತಂದು ಸಸಿಗೆ ಸುರಿದ. ವಾರಕ್ಕೊಮ್ಮೆ ಟೇಪು ಹಿಡಿದು ಅಳೆದ. ನಾಯಿ ಕಾಲೆತ್ತಿದರೆ ಅದರ ಯಜಮಾನನ ಜನ್ಮ ಜಾಲಾಡಿದ.

“ನಲವತ್ತು ವರ್ಷದಲ್ಲಿ ನನಗೊಂದು ಲೋಟ ನೀರು ತಂದ್ಕೊಟ್ಟಿದ್ಯಾ?” ಎಂದಳು ಹೆಂಡತಿ ಗ್ಲೆನಿಸ್.

“ಕೊಟ್ರೆ ನೀನು ಬೆಳೀತೀಯೇನೇ?”

ಏಳು ವರ್ಷಕ್ಕೆ ಮರ ಬೋರ್ಡಿನೆತ್ತರ ಬಂತು. ಬೋರ್ಡು ಕಿತ್ತು, ಸಾಸೇಜು ಸುಟ್ಟು ಹಂಚಿ, ಫಲಕ ಕೊಟ್ಟರು. ಸಂಜೆ ಕ್ಲೈವ್ ಬಿಯರ್ ಹಿಡಿದು ಜಗಲಿಯಲ್ಲಿ ಕುಳಿತ. ಎದುರಿಗೆ, ಅದೇ ಜಾಗದಲ್ಲಿ, ಅವನೇ ಸಾಕಿದ ಪೈನ್ ಕೊಂಬೆ ಚಾಚಿಕೊಂಡು ನಿಂತಿತ್ತು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಅವನು ಎದ್ದುಹೋಗಿ ಬಕೆಟ್ ತಂದು ಮರಕ್ಕೆ ನೀರು ಹಾಕಿದ.

ಹೋದ ತಿಂಗಳು, ನಮ್ಮ ಹಿಂದಿನ ದಿಬ್ಬದ ಮನೆಗೆ ಹೊಸದಾಗಿ ಬಂದ ಡೇಮನ್ ನನ್ನ ಬೇಲಿಯ ಬಳಿ ನಿಂತ.

“ಮರ್ವ್ ಅವ್ರೇ, ಡ್ರಿಲ್ ಇದ್ಯಾ? ಗೋಡೆಗೆ ಫೋಟೊ ಹಾಕ್ಬೇಕಿತ್ತು.” ಕಣ್ಣು ಪೈನ್ ಮೇಲಿತ್ತು.

ಈ ಸಲ ಬಾಯಿ ಬಿಟ್ಟೆ. ನೆಟ್ಟಗೆ ಹೋಗಿ ಕ್ಲೈವನಿಗೆ ಹೇಳಿದೆ.

ಅವನು ನನ್ನ ಶೆಡ್ಡಿಗೆ ನುಗ್ಗಿ, ಡ್ರಿಲ್ ಎತ್ತಿಕೊಂಡು ದಿಬ್ಬ ಹತ್ತಿದ. ನಾನೂ ಏದುಸಿರು ಬಿಡುತ್ತ ಹಿಂದೆ ಓಡಿದೆ.

“ಎಲ್ಲಪ್ಪಾ ಫೋಟೊ? ತೋರ್ಸು. ತೂತು ನಾನೇ ಹೊಡ್ಕೊಡ್ತೀನಿ.”

ಡೇಮನ್ ಬೆಪ್ಪಾಗಿ ಒಳಗೆ ಹುಡುಕಾಡಿ, ತನ್ನ ಮದುವೆಯ ಫೋಟೊ ತಂದ. ಕ್ಲೈವ್ ಆ ಹೊಸ ಬಿಳಿಗೋಡೆಗೆ ಒಂಬತ್ತು ತೂತು ಕೊರೆದ. ಡ್ರಿಲ್ಲನ್ನು ನನಗೆ ಇನ್ನೂ ವಾಪಸು ಕೊಟ್ಟಿಲ್ಲ.