ನಲ್ಲಿಗೆ ಪೂಜೆ ಮಾಡಿದವಳು

ಸಿಂಧುವಿಗೆ ನೀರೆಂದರೆ ಭಯ. ಯಾಕೆಂದು ಕೇಳಿದರೆ ಹೇಳಲು ಅವಳ ಹತ್ತಿರ ಕಥೆಯೇನೂ ಇಲ್ಲ. ಬಾವಿಗೆ ಬಿದ್ದವಳಲ್ಲ, ಕೆರೆಯಲ್ಲಿ ಮುಳುಗಿ ಎದ್ದವಳಲ್ಲ. ತವರು ಕಟ್ಟಾಯದಲ್ಲಿ ನೀರು ಎಂದರೆ ಬೋರಿನ ಪೈಪಿನಿಂದ ತೊಟ್ಟಿಗೆ ಬೀಳುವ, ಸ್ವಿಚ್ಚು ಆರಿಸಿದರೆ ಸುಮ್ಮನಾಗುವ ವಸ್ತು. ಮದುವೆಯಾಗಿ ಬಂದದ್ದು ಮಾತ್ರ ಹೊಳೆನರಸೀಪುರದ ಆಚೆ, ಹೇಮಾವತಿಯ ದಡದಲ್ಲೇ ಇರುವ ಊರಿಗೆ. ಅಲ್ಲಿ ಹೊಳೆಗೆ ಸ್ವಿಚ್ಚಿರಲಿಲ್ಲ.

ಮಗಳು ಮಾನ್ಯ ಹುಟ್ಟಿದ ಮೇಲೆ ಭಯ ಇನ್ನಷ್ಟು ಬಲಿಯಿತು. ಬಚ್ಚಲಲ್ಲಿ ಬಕೆಟ್ಟನ್ನು ಅರ್ಧಕ್ಕಿಂತ ಮೇಲೆ ತುಂಬಿಸುತ್ತಿರಲಿಲ್ಲ. ಅಂಗಳದ ಸಂಪಿನ ಮುಚ್ಚಳದ ಮೇಲೆ ಹಳೆಯ ಒರಳಿನ ಗುಂಡುಕಲ್ಲನ್ನು ಉರುಳಿಸಿ ಇಟ್ಟಿದ್ದಳು. ನೀರು ಬಿಡುವ ದಿನ ಅದನ್ನು ಸರಿಸಬೇಕು, ಮತ್ತೆ ಇಡಬೇಕು. ಅತ್ತೆ ಪುಟ್ಟತಾಯಮ್ಮ ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದರು. "ಸಂಪಿಗೂ ಬಂದೋಬಸ್ತು ಕಣವ್ವ ನಮ್ಮನೇಲಿ."

ಪುಟ್ಟತಾಯಮ್ಮ ನಗಬಲ್ಲವರೇ. ಮದುವೆಯಾಗಿ ಬಂದ ಮಾರನೆಯ ದಿನವೇ ಹೊಳೆಯಲ್ಲಿ ಕಂಬಳಿ ಒಗೆದವರು. ಗೊರೂರು ಅಣೆಕಟ್ಟೆಯಲ್ಲಿ ಗೇಟು ಎತ್ತಿದರೆ ಕೆಸರಿನ ವಾಸನೆಯಲ್ಲೇ ಹೇಳುತ್ತಿದ್ದರು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬಾಣಂತನ ಮುಗಿಸಿ ಬಂದ ಸೊಸೆ ಮಗುವನ್ನು ಎತ್ತಿಕೊಂಡು ಹೊಳೆಗೆ ಹೋಗಬೇಕು, ದಡದ ಐದು ಕಲ್ಲಿಗೆ ಅರಿಶಿನ ಕುಂಕುಮವಿಟ್ಟು ಗಂಗೆ ಪೂಜೆ ಮಾಡಬೇಕು, ಮೊದಲ ಬಿಂದಿಗೆ ನೀರನ್ನು ತಾನೇ ಹೊತ್ತು ತರಬೇಕು. ಸಿಂಧು ಬಂದಾಗ ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಮೆಟ್ಟಿಲ ತನಕ ಹೋದವಳು ಮುಂದೆ ಇಳಿಯಲಿಲ್ಲ. ಮಗುವನ್ನು ಎದೆಗವಚಿಕೊಂಡು ತಿರುಗಿ ಬಂದವಳೇ ಹಿತ್ತಲಿನ ನಲ್ಲಿಯ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮುಗಿಸಿದಳು.

ಅಂದಿನಿಂದ ಅವಳ ಹೆಸರು ನಲ್ಲಿಗೆ ಪೂಜೆ ಮಾಡಿದೋಳು. ಮೊದಮೊದಲು ಅದು ತಮಾಷೆ. ಮಾನ್ಯಳಿಗೆ ಮೇಲಿಂದ ಮೇಲೆ ಜ್ವರ ಬರತೊಡಗಿದ ಮೇಲೆ ಅತ್ತೆಯ ಬಾಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಗಂಗೆಗೆ ಕೊಡಬೇಕಾದದ್ದನ್ನು ಕೊಟ್ಟಿಲ್ಲ ಎಂಬ ಕೊರಗು ಅವರನ್ನು ಹಿಡಿದುಕೊಂಡಿತು.

ಹೊಳೆನರಸೀಪುರದ ಸಂಪತ್ಕುಮಾರ ಮೇಷ್ಟ್ರು ನಿವೃತ್ತರಾದ ಮೇಲೆ ಸಂಕ್ರಾಂತಿ ಕಳೆದು ಪ್ರತಿ ವರ್ಷ ಒಂದು ವ್ಯಾನು ಮಾಡಿಕೊಂಡು ಜನರನ್ನು ಕುಂಭಕೋಣದ ಕಡೆಗೆ ಕರೆದುಕೊಂಡು ಹೋಗುತ್ತಿದ್ದರು. ಮೂರು ದಿನ ದೇವಸ್ಥಾನಗಳು, ಕೊನೆಗೆ ಕಾವೇರಿಯ ಕವಲುಗಳು ಸಮುದ್ರ ಸೇರುವ ಜಾಗ. ಹುಣ್ಣಿಮೆಯ ದಿನವೇ ಆ ಜಾಗದಲ್ಲಿರುತ್ತೇವೆಂದು ಗೊತ್ತಾದದ್ದೇ ತಡ, ಪುಟ್ಟತಾಯಮ್ಮ ತೀರ್ಮಾನ ಮಾಡಿಬಿಟ್ಟರು. "ನಮ್ಮೊಳೆ ಅಲ್ಲೇ ಓಗಿ ಸೇರೋದು. ಹುಣ್ಣಿಮೆ ದಿನ ಅಲ್ಲೇ ಪೂಜೆ ಆಗೋಗ್ಲಿ. ಅಲ್ಲಿ ಹೊಳೆ ಮಂಡಿಯುದ್ದವೂ ಇಲ್ವಂತೆ, ನಿಂಗೇನ್ ಭಯ?"

ಸಿಂಧುವಿನ ಗಂಡ ದಿಲೀಪ್ ಹಸುಗಳ ಹಾಲು ಕರೆದು ಡೇರಿಗೆ ಹಾಕಬೇಕಾದ್ದರಿಂದ ಮನೆಯಲ್ಲೇ ಉಳಿದ. ಸಿಂಧು ಮಗುವಿಗೆ ಜ್ವರದ ಸಿರಪ್ಪು, ಸ್ವೆಟರು, ಎರಡು ಜೊತೆ ಹೆಚ್ಚಿನ ಬಟ್ಟೆ ತುಂಬಿಕೊಂಡಳು. ಪುಟ್ಟತಾಯಮ್ಮ ಹೊಳೆಯ ದಡದಿಂದ ಐದು ಕಲ್ಲು ಆಯ್ದು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಬಾಗಿನದ ಮೊರವನ್ನು ಹಸಿರು ಸೀರೆಯೊಂದರಲ್ಲಿ ಸುತ್ತಿದರು.

ವ್ಯಾನಿನಲ್ಲಿ ಮೇಷ್ಟ್ರು ಮೈಕು ಹಿಡಿದು ಹೇಳುತ್ತಿದ್ದರು. "ನೋಡೀಮ್ಮಾ, ಮೇಲಿಂದ ಎಲ್ಲ ಹೊಳೆಗಳೂ ಸೇರ್ಕೊಂಡು ಜಡೆ ಹೆಣೆದ ಹಾಗೆ ಬರತ್ವೆ. ಇಲ್ಲಿ ಬಂದು ಆ ಜಡೆ ಬಿಚ್ಚಿ ಹರಡಿಬಿಡತ್ತೆ. ಇದನ್ನೇ ನಾವು ಪಾಠದಲ್ಲಿ ಮುಖಜ ಭೂಮಿ ಅಂತ ಹೇಳಿಕೊಡ್ತಿದ್ವಿ. ನಮ್ಮ ಕಡೆ ಹೊಲದ ಮಣ್ಣೂ ಇಲ್ಲಿದೆ."

"ನಮ್ ಮಣ್ಣಲ್ಲಿ ಇವ್ರು ಭತ್ತ ಬೆಳ್ಕಂತಾರೆ," ಎಂದರು ಪುಟ್ಟತಾಯಮ್ಮ. "ಗುತ್ತಿಗೆ ಕೇಳ್ಬೇಕು ಮೇಷ್ಟ್ರೆ." ವ್ಯಾನೆಲ್ಲ ನಕ್ಕಿತು.

ಸಿಂಧು ಕಿಟಕಿಯಿಂದ ನೋಡುತ್ತಿದ್ದಳು. ಎತ್ತ ನೋಡಿದರೂ ನೀರು. ಗದ್ದೆಯ ಪಕ್ಕ ಕಾಲುವೆ, ಕಾಲುವೆಯ ಪಕ್ಕ ಇನ್ನೊಂದು. ಯಾವುದಕ್ಕೂ ಇಳಿಜಾರೇ ಇಲ್ಲ. ನೀರು ಎತ್ತ ಹೋಗುತ್ತಿದೆಯೆಂದು ಹೇಳಲಾಗದ ಜಾಗದಲ್ಲಿ ಅವಳು ಮಗುವನ್ನು ಕಿಟಕಿಯಿಂದ ಈಚೆಗೆ ಎಳೆದುಕೊಂಡಳು.

ಮಧ್ಯಾಹ್ನದ ಊಟವಾದ ಮೇಲೆ ಕವಲಿನ ದಡಕ್ಕೆ ಬಂದರು. ಇಲ್ಲಿಂದ ದೋಣಿಯಲ್ಲಿ ಉಪ್ಪುನೀರಿನ ಕಾಡು ನೋಡಿ ಬರುವುದು ಕಾರ್ಯಕ್ರಮ. ಎಲ್ಲರೂ ಹತ್ತಿದರು. ಸಿಂಧು ಹತ್ತಲಿಲ್ಲ.

"ನಾನು ಇಲ್ಲೇ ಇರ್ತೀನಿ ಮೇಷ್ಟ್ರೆ, ಮಗೂಗೆ ಬಿಸಿಲಾಗುತ್ತೆ."

ಅದು ಬಿಸಿಲಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪುಟ್ಟತಾಯಮ್ಮನೂ ಉಳಿದರು. ಮಂಡಿನೋವಿನಿಂದ ನಡೆಯಲಾಗದ ಮೇಷ್ಟ್ರ ಹೆಂಡತಿ ಗೋದಮ್ಮ ದಡದ ಮೇಲಿನ ಚಪ್ಪರದಲ್ಲಿ ಎಲ್ಲರ ಚೀಲ ಕಾಯುತ್ತ ಕೂತರು. ದೋಣಿ ಹೊರಡುವಾಗ ಮೇಷ್ಟ್ರು ಕೂಗಿ ಹೇಳಿದರು. "ನೀರಲ್ಲಿ ದೂರ ಹೋಗ್ಬೇಡೀಮ್ಮಾ, ಸಂಜೆ ಏರತ್ತಂತೆ."

ದೋಣಿ ತಿರುವಿನಲ್ಲಿ ಮರೆಯಾದ ಮೇಲೆ ಪುಟ್ಟತಾಯಮ್ಮ ಆಕಾಶ ನೋಡಿದರು. ಒಂದು ಮೋಡವಿಲ್ಲ. "ಮಳೆ ಇಲ್ಲ, ಗೊರೂರಲ್ಲಿ ಗೇಟು ತೆಗ್ದಿಲ್ಲ. ನೀರ್ ಎಲ್ಲಿಂದ ಏರಾತು? ಪುಸ್ತಕ ಓದಿ ಏಳ್ತಾರೆ ಪಾಪ. ಬಾ, ಹರಿಯೋ ನೀರಲ್ಲಿ ಮಾಡಾಣ."

ದಡದ ಹತ್ತಿರ ಕೆಸರು. ಆಚೆಗೆ, ಕವಲಿನ ನಡುವೆ, ಮರಳಿನ ದಿಬ್ಬವೊಂದು ಒಣಗಿ ಬೆಳ್ಳಗೆ ಮಲಗಿತ್ತು. ಅಲ್ಲಿಗೆ ಹೋಗಲು ದಾಟಬೇಕಾದ ನೀರು ತೆಳುವಾಗಿತ್ತು, ತಳ ಕಾಣುತ್ತಿತ್ತು. ಬೇಡವೆಂಬ ಮಾತು ಸಿಂಧುವಿನ ಬಾಯಿಗೆ ಬಂದಿತ್ತು. ಆದರೆ ಮೂರೂವರೆ ವರ್ಷ ಕೇಳಿದ ಆ ಹೆಸರು ಇವತ್ತಿಗೆ ಮುಗಿಯಲಿ ಎಂದುಕೊಂಡು ಮಗುವನ್ನು ಸೊಂಟಕ್ಕೇರಿಸಿದಳು.

ಪುಟ್ಟತಾಯಮ್ಮ ಬಾಗಿನದ ಮೊರವನ್ನು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟಿದ ಹಾಗೆ ದಾಟಿಬಿಟ್ಟರು. ಸಿಂಧು ಒಂದೊಂದು ಹೆಜ್ಜೆಯನ್ನೂ ಕಣ್ಣಿಂದ ಮೊದಲು ಇಟ್ಟು ಆಮೇಲೆ ಕಾಲಿಂದ ಇಟ್ಟಳು. ಮೀನುಗಾರರು ಬಲೆ ಕಟ್ಟಲು ನೆಟ್ಟ ಬಿದಿರ ಗಳುಗಳು ಸಾಲಾಗಿದ್ದವು. ಗಳುಗಳ ಬಲಕ್ಕೆ ಇಟ್ಟರೆ ಕಾಲು ಕೆಸರಲ್ಲಿ ಹೂತುಕೊಳ್ಳುತ್ತಿತ್ತು, ಎಡಕ್ಕೆ ಗಟ್ಟಿ ಮರಳು. ನಡುವೆ ಒಂದು ಕಡೆ ನೀರು ಮೀನಖಂಡದ ತನಕ ಬಂತು. ತಿರುಗಿ ನೋಡಿದಾಗ ದಡದಲ್ಲಿ ಕವುಚಿ ಹಾಕಿದ ನೀಲಿ ದೋಣಿಯೊಂದು ಗಳುಗಳ ನೇರಕ್ಕೇ ಕಂಡಿತು. ಹೆದರುವವರು ಹೀಗೆಯೇ, ಹೋಗುವಾಗಲೇ ಬರುವ ದಾರಿ ನೋಡಿಟ್ಟುಕೊಳ್ಳುತ್ತಾರೆ.

ಪೂಜೆಗೆ ಪುಟ್ಟತಾಯಮ್ಮ ಆತುರ ಮಾಡಲಿಲ್ಲ. ದಿಬ್ಬದ ಅಂಚಿನಲ್ಲಿ ಐದು ಕಲ್ಲು ನಿಲ್ಲಿಸಿ, ಅರಿಶಿನ ಹಚ್ಚಿ, ಹೂ ಏರಿಸಿ, ಕಡಲೆ ಬೆಲ್ಲ ಇಟ್ಟು, ಸೋಬಾನೆ ಹಾಡನ್ನು ಪೂರ್ತಿ ಹಾಡಿದರು. ಮಾನ್ಯ ಮರಳಿನಲ್ಲಿ ಗುಳಿ ತೋಡುತ್ತ ಏಡಿಮರಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಸಿಂಧು ಒಂದು ಕಣ್ಣು ಪೂಜೆಗೆ, ಒಂದು ಕಣ್ಣು ಮಗುವಿಗೆ ಇಟ್ಟಿದ್ದಳು. ದಾರಿಗೆ ಇಡಲು ಮೂರನೆಯ ಕಣ್ಣಿರಲಿಲ್ಲ.

"ಅಮ್ಮಾ, ನನ್ ಗುಳೀಲಿ ನೀರು ಬಂತು," ಎಂದಳು ಮಾನ್ಯ.

ಅಷ್ಟರಲ್ಲಿ ಕಲ್ಲುಗಳ ಬುಡ ಒದ್ದೆಯಾಯಿತು. "ಗಂಗವ್ವ ಬಂದು ಇಸ್ಕಂತಾವ್ಳೆ ನೋಡು," ಎಂದು ಪುಟ್ಟತಾಯಮ್ಮ ಸಂತೋಷದಿಂದ ಕೈ ಮುಗಿದರು. ಕಲ್ಲಿನ ಮುಂದಿದ್ದ ವೀಳ್ಯದೆಲೆ ಎದ್ದು ತೇಲಿತು. ತೇಲಿದ್ದು ಸಮುದ್ರದ ಕಡೆಗಲ್ಲ, ಹೊಳೆ ಬಂದ ದಾರಿಗೆ, ಮೇಲಕ್ಕೆ. ಇನ್ನೊಂದು ಎಲೆಯೂ ಅದೇ ಕಡೆ ಹೋಯಿತು. ಅದರ ಹಿಂದೆ ಹೂವೂ.

ಪುಟ್ಟತಾಯಮ್ಮ ಮುಗಿದ ಕೈಯನ್ನು ಹಾಗೇ ಹಿಡಿದಿದ್ದರು. ಆಕಾಶ ನೋಡಿದರು, ನೀರು ನೋಡಿದರು. "ಹೊಳೆ ಹಿಂದಕ್ಕೆ ಅರೀತೈತಲ್ಲವ್ವ," ಎಂದರು, ಬಹಳ ಸಣ್ಣ ದನಿಯಲ್ಲಿ.

ಸಿಂಧು ತಿರುಗಿದಳು. ತಾವು ದಾಟಿ ಬಂದ ತೆಳು ನೀರು ಅಲ್ಲಿರಲಿಲ್ಲ. ಬೂದುಬಣ್ಣದ ಅಗಲವಾದ ಹೊಳೆಯೊಂದು ಸದ್ದಿಲ್ಲದೆ ಸರಿಯುತ್ತಿತ್ತು. ಗಳುಗಳು ಕುಳ್ಳಗಾಗಿದ್ದವು. ದಿಬ್ಬ ಅರ್ಧ ಕರಗಿತ್ತು. ಹೋಗಿ ಮಗುವನ್ನು ಎತ್ತಿಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಮಾನ್ಯ ಅಳತೊಡಗಿದಳು. ದಡದ ಕಡೆಗೆ ಕೂಗಿದಳು. ಚಪ್ಪರದಲ್ಲಿ ಗೋದಮ್ಮ ಎದ್ದು ನಿಂತದ್ದು ಕಂಡಿತು, ಅವರು ಎರಡೂ ಕೈ ಬೀಸಿ ಏನೋ ಹೇಳುತ್ತಿದ್ದರು, ಗಾಳಿ ಅದನ್ನು ತಿಂದಿತು. ಮೇಷ್ಟ್ರು ಹೋದ ದೋಣಿಯ ಸುಳಿವಿರಲಿಲ್ಲ. ಹೊತ್ತು ಇಳಿಯುತ್ತಿತ್ತು.

"ಅತ್ತೆ, ಏಳಿ. ಓಗಾಣ."

ಪುಟ್ಟತಾಯಮ್ಮ ಏಳಲಿಲ್ಲ. ಒದ್ದೆ ಮರಳಿನ ಮೇಲೆ ಕೂತೇಬಿಟ್ಟಿದ್ದರು. ಆ ಮುಖದಲ್ಲಿ ಭಯವನ್ನು ಸಿಂಧು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನೀರಿಗಿಂತ ಹೆಚ್ಚಾಗಿ ಅದು ಅವಳನ್ನು ಹೆದರಿಸಿತು.

"ಮುನಿಸ್ಕಂಡವ್ಳೆ ಕಣವ್ವ. ನಾವು ನಲ್ಲಿಗೆ ಪೂಜೆ ಮಾಡಿದ್ವಲ್ಲ, ಅದ್ಕೆ ತಿರುಗ್ಬಿದ್ದವ್ಳೆ. ನಾನ್ ಬರಾಕಿಲ್ಲ. ನನ್ನ ತಗಳ್ಲಿ, ಕೂಸ್ನ ಬಿಡ್ಲಿ."

"ಮುನಿಸ್ಕಂಡಿದ್ರೆ ಆ ದಡದಲ್ಲಿ ನಿಂತ್ಕಂಡು ಕೈ ಮುಗಿಯಾಣ. ಇಲ್ಲಿ ಕೂತ್ರೆ ಅವಳಿಗೆ ಕೇಳ್ಸಲ್ಲ."

ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ಕೈ ಕೆಲಸ ಮಾಡುತ್ತಿತ್ತು. ಮಗುವನ್ನು ಹೆಗಲ ಮೇಲೆ ಕೂರಿಸಿ, "ಅಮ್ಮನ ಕೂದ್ಲು ಗಟ್ಟಿಯಾಗಿ ಇಡ್ಕ, ಬಿಡ್ಬೇಡ," ಎಂದಳು. ಮೊರಕ್ಕೆ ಸುತ್ತಿದ್ದ ಹಸಿರು ಸೀರೆಯನ್ನು ಬಿಚ್ಚಿ ಒಂದು ತುದಿಯನ್ನು ಅತ್ತೆಯ ಸೊಂಟಕ್ಕೆ ಬಿಗಿದು ಎರಡು ಗಂಟು ಹಾಕಿದಳು. ಇನ್ನೊಂದು ತುದಿ ತನ್ನ ಸೊಂಟಕ್ಕೆ. ಅಲ್ಲಿ ಅವಳ ಬೆರಳು ಒಂದು ಗಳಿಗೆ ನಿಂತವು. ಅತ್ತೆ ದಪ್ಪ ಜೀವ. ಬಿದ್ದರೆ ಮೂವರನ್ನೂ ಎಳೆದುಕೊಂಡು ಹೋಗುತ್ತಾರೆ. ಸಿಂಧು ತನ್ನ ಸೊಂಟಕ್ಕೆ ಹಾಕಿದ್ದು ಹಾಲು ಕರೆಯುವಾಗ ಕರುವಿಗೆ ಹಾಕುವ ಗಂಟು. ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಆ ತುದಿಯನ್ನು ಎಡಗೈಗೆ ಸಿಗುವ ಹಾಗೆ ಬಿಟ್ಟುಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ.

"ನಾನ್ ಕಾಲಿಟ್ಟ ಕಡೆ ಕಾಲಿಡಿ ಅತ್ತೆ. ಈಗ ಗಳಿನ ಬಲಕ್ಕೆ. ಎಡಕ್ಕೆ ಕೆಸರೈತೆ."

ನೀರಿಗಿಳಿದಳು. ಮಂಡಿ. ತೊಡೆ. ಸೀರೆ ನೀರು ಕುಡಿದು ಕಾಲಿಗೆ ಸುತ್ತಿಕೊಂಡಿತು. ಈಗ ತಳ ಕಾಣುತ್ತಿರಲಿಲ್ಲ. ಕಣ್ಣು ನೀಲಿ ದೋಣಿಯ ಮೇಲೆ, ಪಾದ ಮರಳನ್ನು ಹುಡುಕುತ್ತ. ನೀರು ಪಕ್ಕದಿಂದ ತಳ್ಳುತ್ತಲೇ ಇತ್ತು, ಎಡಕ್ಕೆ, ಕೆಸರಿನ ಕಡೆಗೆ. ಅವಳು ಸಿಕ್ಕ ಸಿಕ್ಕ ಗಳುವನ್ನು ತಬ್ಬಿಕೊಂಡಳು. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವೆ ಹಿಡಿಯಲು ಏನೂ ಇರಲಿಲ್ಲ. ಮೊದಲು ಮೀನಖಂಡಕ್ಕೆ ಬಂದಿದ್ದ ಜಾಗ ಈಗ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಂತು. ಸೊಂಟ ದಾಟಿ ಹೊಟ್ಟೆಗೆ ತಣ್ಣಗೆ ತಾಗಿತು.

"ಅಮ್ಮಾ, ನನ್ ಕಾಲು ಒದ್ದೆಯಾಯ್ತು."

"ಆಗ್ಲಿ ಮಗ. ಕೂದ್ಲು ಬಿಡ್ಬೇಡ."

ಹಿಂದೆ ಸೀರೆ ಸೆಟೆದು ಜಗ್ಗಿತು. ಪುಟ್ಟತಾಯಮ್ಮ ಎಡವಿದ್ದರು. ಸಿಂಧುವಿನ ಎಡಗೈ ಗಂಟಿನ ತುದಿಯ ಮೇಲೆ ಹೋಯಿತು. ಅವಳು ಅದನ್ನು ಹಿಡಿದಳು. ಎಳೆಯಲಿಲ್ಲ, ಬಿಡಲೂ ಇಲ್ಲ. ಬಲಗೈ ಗಳುವನ್ನು ತಬ್ಬಿತ್ತು, ಬಿದಿರ ಸಿಬರು ಅಂಗೈಗೆ ಇಳಿಯುತ್ತಿತ್ತು. "ಅತ್ತೆ," ಎಂದಳು. "ಅವ್ವಾ," ಎಂದಳು. ಹಿಂದೆ ಕೆಮ್ಮು ಕೇಳಿತು, ಸೀರೆ ಸಡಿಲಾಯಿತು.

"ನಿಂತಿವ್ನಿ. ನಡಿ ನೀನು."

ಆಮೇಲೆ ನೀರು ತೊಡೆಗಿಳಿಯಿತು, ಮಂಡಿಗಿಳಿಯಿತು. ನೀಲಿ ದೋಣಿಯ ಹತ್ತಿರ ಗೋದಮ್ಮ ಮಂಡಿನೋವು ಮರೆತು ಕೆಸರಿಗಿಳಿದು ಕೈ ಚಾಚಿದ್ದರು. ಸಿಂಧು ಮಗುವನ್ನು ಅವರ ಕೈಗೆ ಕೊಟ್ಟಳು. ಕೊಟ್ಟವಳೇ ಕೆಸರಿನಲ್ಲಿ ಕೂತುಬಿಟ್ಟಳು.

ಮೇಷ್ಟ್ರ ದೋಣಿ ಬಂದಾಗ ದಿಬ್ಬ ಇದ್ದ ಜಾಗದಲ್ಲಿ ನೀರಷ್ಟೇ ಇತ್ತು. ಮೇಷ್ಟ್ರು ಬೆಪ್ಪಾಗಿ ನಿಂತರು. "ಹುಣ್ಣಿಮೆ ದಿನವೇ ಜಾಸ್ತಿ ಏರೋದಂತೆ ಕಣ್ರಮ್ಮಾ, ಸಮುದ್ರದ ಉಬ್ಬರ. ಬಿಡಿಸಿ ಹೇಳ್ಬೇಕಿತ್ತು ನಾನು," ಎಂದರು. ದೂರದಲ್ಲಿ ಬಾಗಿನದ ಮೊರ ಪಡುವಣಕ್ಕೆ ತೇಲಿ ಹೋಗುತ್ತಿತ್ತು. ಪುಟ್ಟತಾಯಮ್ಮ ಅದನ್ನೇ ನೋಡುತ್ತಿದ್ದರು. "ಊರ್ ಕಡಿಗೇ ಓಯ್ತಾ ಐತೆ," ಎಂದರು ಕೊನೆಗೆ.

ವ್ಯಾನು ಹೊರಟಿತು. ಮಾನ್ಯ ಒಣ ಬಟ್ಟೆ ತೊಟ್ಟು, ಅಜ್ಜಿಯ ತೊಡೆಯ ಮೇಲೆ ಏಡಿಯ ಕಥೆ ಹೇಳುತ್ತ ನಿದ್ದೆ ಹೋದಳು. ಸಿಂಧುವಿಗೆ ಆಗ ನಡುಕ ಶುರುವಾಯಿತು. ಬಿಸ್ಕತ್ತಿನ ಪೊಟ್ಟಣ ಹರಿಯಲೂ ಆಗಲಿಲ್ಲ. ಸೊಂಟದಲ್ಲಿ ಒದ್ದೆ ಸೀರೆಯ ತುದಿ ಇನ್ನೂ ಹಾಗೇ ಇತ್ತು. ಪುಟ್ಟತಾಯಮ್ಮ ಕೈ ಚಾಚಿ ಆ ಗಂಟನ್ನು ಮುಟ್ಟಿ ನೋಡಿದರು. ತುದಿ ಹಿಡಿದು ಮೆಲ್ಲಗೆ ಎಳೆದರು. ಗಂಟು ಬಿಚ್ಚಿಕೊಂಡಿತು.

ನಾಲ್ಕು ಹಸು ಕಟ್ಟಿದ ಮನೆಯ ಹೆಂಗಸಿಗೆ ಆ ಗಂಟನ್ನು ಯಾರೂ ವಿವರಿಸಬೇಕಿರಲಿಲ್ಲ. ಸಿಂಧು ಕಣ್ಣೆತ್ತಲಿಲ್ಲ. ನೀರಿನಲ್ಲಿದ್ದಾಗ ಆಗದಷ್ಟು ಭಯ ಈಗ ಆಯಿತು.

"ಸರಿಯಾಗೇ ಆಕಿದ್ದೆ," ಎಂದರು ಪುಟ್ಟತಾಯಮ್ಮ, ಕಿಟಕಿಯ ಕಡೆ ನೋಡುತ್ತ. "ನಾನಾಗಿದ್ರೂ ಇದ್ನೇ ಆಕ್ತಿದ್ದೆ. ಎಡವ್ದಾಗ ಎಳ್ದ್ಬುಡ್ಬೇಕಿತ್ತು ಕಣವ್ವ ನೀನು. ಕೂಸು ಮೇಲಿತ್ತು."

"ಕೈ ಬರ್ಲಿಲ್ಲ ಅತ್ತೆ."

ಪುಟ್ಟತಾಯಮ್ಮ ಬಿಸ್ಕತ್ತಿನ ಪೊಟ್ಟಣ ಇಸಿದುಕೊಂಡು ಹಲ್ಲಿನಿಂದ ಹರಿದು ಅವಳ ಮಡಿಲಿಗಿಟ್ಟರು.

ಊರಿಗೆ ಬಂದ ಮೇಲೂ ಸಿಂಧುವಿನ ಭಯ ಹೋಗಲಿಲ್ಲ, ಹೆಚ್ಚೇ ಆಯಿತು. ಬಕೆಟ್ಟಿನ ನೀರು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ನೀರು ಬಿಟ್ಟ ದಿನ ಸಂಪು ತುಂಬಿಸಿ, ಮಗಳು ಕರೆದಳೆಂದು ಒಳಗೆ ಹೋದವಳಿಗೆ ಮುಚ್ಚಳದ ಮೇಲೆ ಕಲ್ಲಿಡದೆ ಬಂದದ್ದು ನೆನಪಾಗಿ, ಜೀವ ಹಾರಿ, ಓಡಿ ಬಂದಳು. ಅಂಗಳದಲ್ಲಿ ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ಒರಳಿನ ಗುಂಡನ್ನು ಉರುಳಿಸಿ ತರುತ್ತಿದ್ದರು. ಮುಚ್ಚಳದ ಮೇಲೆ ಇಟ್ಟು, ಅಲುಗಿಸಿ ನೋಡಿ, ಇನ್ನೂ ಸ್ವಲ್ಪ ನಡುವಿಗೆ ಸರಿಸಿದರು.