ಡಿಪೋ ಕ್ಯಾಂಟೀನಿನ ಆಚೆಯಣ್ಣ

ಅವನ ಸುದ್ದಿ ಅವಳ ಕಿವಿಗೆ ಮೊದಲು ಬಿದ್ದದ್ದು ಒಂದು ಸೋಮವಾರ ಸಂಜೆ. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸ ಮುಗಿಸಿ ಬಂದು ಬಚ್ಚಲಲ್ಲಿ ಕೈಯ ಗ್ರೀಸ್ ಉಜ್ಜುತ್ತಿದ್ದ. ಇವಳು ತೊಳೆಯಲೆಂದು ಊಟದ ಡಬ್ಬಿ ತೆರೆದರೆ ಬೆಳಿಗ್ಗೆ ಕಟ್ಟಿಕೊಟ್ಟದ್ದು ಕಟ್ಟಿದ ಹಾಗೇ ಇದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅಂಥದ್ದು ನಡೆದದ್ದೇ ಇಲ್ಲ. ಡಬ್ಬಿ ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಹೋಗಿ ನಿಂತಳು.

ಕ್ಯಾಂಟೀನಿನಲ್ಲಿ ಉಂಡೆನೆಂದು ಗಂಡ ನಗುತ್ತಲೇ ಒಪ್ಪಿಕೊಂಡ. ಕ್ಯಾಂಟೀನಿಗೆ ಹೊಸ ಅಡುಗೆಯವನು ಬಂದಿದ್ದಾನಂತೆ, ಗಡಿಯಾಚೆಯ ನಾಡಿನವನು. ಬಡಿಸುತ್ತಾ ಬಡಿಸುತ್ತಾ ತನ್ನ ನಾಡನ್ನು ಬಾಯಿತುಂಬ ಬೈಯುತ್ತಾನಂತೆ. ಆ ಬೈಗುಳ ಕೇಳಲಿಕ್ಕೆಂದೇ ಜನ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಾರಂತೆ.

"ಬೈಗುಳದಲ್ಲೇ ಹೊಟ್ಟೆ ತುಂಬ್ತಾ ನಿಮಗೆ?" ಎಂದಳು ಅವಳು.

"ನೀನೂ ಕೇಳಬೇಕಿತ್ತು," ಎಂದು ಗಂಡ ಆ ಮನುಷ್ಯನ ದನಿ ತೆಗೆದ. "ನಮ್ಮ ಕಡೆ ಮೂರು ಜನ ಸೇರಿದ್ರೆ ನಾಲ್ಕು ಜಗಳ ಸ್ವಾಮೀ. ಆ ನಾಲ್ಕನೇದು ಯಾರದ್ದು ಅಂತ ಐದನೇ ಜಗಳ."

ಆಮೇಲಿನ ಕಥೆ ಇನ್ನೂ ಚೆನ್ನಾಗಿತ್ತು. ಒಬ್ಬ ಕಂಡಕ್ಟರ್, ಅಡುಗೆಯವನನ್ನು ಖುಷಿಪಡಿಸೋಣವೆಂದು, ನಿಜ ಬಿಡಿ, ನಿಮ್ಮ ಕಡೆಯವರೆಲ್ಲ ಹಾಗೇ ಎಂದುಬಿಟ್ಟ. ಸಾರಿನ ಸೌಟು ತಟ್ಟೆಯ ಮೇಲೆ ಬಂದಿದ್ದದ್ದು ಅಲ್ಲಿಂದಲೇ ಹಿಂದಕ್ಕೆ ಹೋಯಿತು. ಬೈಯುವುದಕ್ಕೂ ಅಲ್ಲಿ ಹುಟ್ಟಿರಬೇಕು ಎಂದನಂತೆ ಅಡುಗೆಯವನು, ಮುಂದಿನ ತಟ್ಟೆಗೆ ನಡೆದನಂತೆ. ಕಂಡಕ್ಟರ್ ಅಂದು ಬರೀ ಅನ್ನ ಉಂಡ. ಡಿಪೋದವರು ಅವತ್ತೇ ಆ ಅಡುಗೆಯವನಿಗೆ ಆಚೆಯಣ್ಣ ಎಂದು ಹೆಸರಿಟ್ಟರು.

ಅದಾಗಿ ಎರಡು ವರ್ಷಕ್ಕೆ ಕಾಮಾಲೆ ಅವಳ ಗಂಡನನ್ನು ಇಪ್ಪತ್ತೇ ದಿನದಲ್ಲಿ ಕರೆದುಕೊಂಡು ಹೋಯಿತು. ಡಿಪೋದವರು ಅವಳಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು. ಮೊದಲ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಾಗ ಆಚೆಯಣ್ಣ ಒಲೆಯ ಮುಂದಿನಿಂದ ತಿರುಗಿ ನೋಡಿದ. ಕುಳ್ಳಗಿನ ಆಳು, ಹೆಗಲ ಮೇಲೆ ಒದ್ದೆ ಟವೆಲ್ಲು. ಸಮಾಧಾನದ ಮಾತು ಬರುತ್ತದೆಂದು ಅವಳು ತಲೆ ತಗ್ಗಿಸಿದಳು. ಗಂಡ ಹೋದ ಮೇಲಿನ ಎರಡು ತಿಂಗಳಲ್ಲಿ ಅವಳಿಗೆ ಅದು ಸಾಕುಸಾಕಾಗಿತ್ತು.

"ನಮ್ಮ ಕಡೆಯಾಗಿದ್ರೆ, ತಂಗೀ," ಎಂದ ಅವನು, "ಸಮಾಧಾನ ಹೇಳೋಕೆ ಬಂದವರು ನಿನ್ನ ಮನೆ ಅಕ್ಕಿ ಮುಗಿಸಿಯೇ ಏಳ್ತಿದ್ರು. ಹೋಗೋವಾಗ ಅನ್ನ ಮುದ್ದೆಯಾಗಿತ್ತು ಅಂತ ಬೇರೆ ಅಂತಿದ್ರು."

ಅವಳಿಗೆ ನಗು ಬಂದುಬಿಟ್ಟಿತು. ಗಂಡ ಸತ್ತ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕೆನಲ್ಲ ಎಂದು ನಾಚಿಕೆಯಾಗಿ ಈರುಳ್ಳಿ ಮೂಟೆಯ ಹತ್ತಿರ ಹೋಗಿ ಕುಳಿತುಕೊಂಡಳು.

ಅಡುಗೆಮನೆ ಉದ್ದಕ್ಕೆ ಓಣಿಯ ಹಾಗಿತ್ತು. ಮೂರು ಒಲೆ, ಮಸಿ ಹಿಡಿದ ಗೋಡೆ, ಒಂದೇ ಕಿಟಕಿ. ಕಿಟಕಿಯಾಚೆ ಬಸ್ಸು ತೊಳೆಯುವ ಕಟ್ಟೆ. ಗಾಳಿ ಬೀಸಿದರೆ ಡೀಸೆಲ್ ವಾಸನೆ ಒಳಗೆ ಬಂದು ಒಗ್ಗರಣೆಯ ಜೊತೆ ಸೇರಿಕೊಳ್ಳುತ್ತಿತ್ತು. ಆಚೆಯಣ್ಣ ಇಲ್ಲಿಯ ಅಡುಗೆಯನ್ನು ಇಲ್ಲಿಯವರು ಮೂಗಿನ ಮೇಲೆ ಬೆರಳಿಡುವ ಹಾಗೆ ಕಲಿತಿದ್ದ. ಒಂದು ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಇಲ್ಲಿಯವರಿಗೆ ಸಾರಿಗೆ ಬೆಲ್ಲ ಬೀಳಲೇಬೇಕು. ಸಾರು ಏನು ತಪ್ಪು ಮಾಡಿತ್ತು ಅಂತ ಅದಕ್ಕೆ ಈ ಶಿಕ್ಷೆ ಎಂದು ಅವನು ದಿನಾ ಕೇಳುತ್ತಿದ್ದ. ಹಾಕದಿದ್ದರೆ ಡ್ರೈವರುಗಳು ಬಿಡುವುದಿಲ್ಲ, ಹಾಕಲು ಇವನಿಗೆ ಕೈ ಬರುವುದಿಲ್ಲ. "ಆ ಪಾಪ ನನಗೆ ಬೇಡ, ನೀನೇ ಮಾಡು," ಎಂದು ಬೆಲ್ಲದ ಡಬ್ಬಿಯನ್ನು ಅವಳ ಕಡೆ ತಳ್ಳಿದ. ಅಂದಿನಿಂದ ಅದು ಅವಳ ಕೆಲಸವಾಯಿತು. ಅವನು ಒಗ್ಗರಣೆ ಕೊಟ್ಟು ಕೈ ತೊಳೆಯಲು ಹೊರಗೆ ಹೋಗುವುದು, ಅವಳು ಹಂಡೆಯನ್ನು ತಳದಿಂದ ಒಮ್ಮೆ ತಿರುವಿ, ಕುಟ್ಟಿದ ಬೆಲ್ಲ ಎರಡು ಹಿಡಿ ಹಾಕಿ, ಮುಚ್ಚಳ ಮುಚ್ಚುವುದು. ಹನ್ನೊಂದು ವರ್ಷ, ದಿನವೂ ಹೀಗೇ.

ರಜೆಯ ದಿನಗಳಲ್ಲಿ ಡಿಪೋ ಅರ್ಧ ಖಾಲಿ. ಆಗ ಅವನು ಒಂದು ಚಿಕ್ಕ ಪಾತ್ರೆಯಲ್ಲಿ ತನ್ನ ನಾಡಿನ ಕಾಳಿನ ಸಾರು ಮಾಡುತ್ತಿದ್ದ. ಬೆಳ್ಳುಳ್ಳಿಯನ್ನು ಕರ್ರಗಾಗುವವರೆಗೆ ಸುಡಬೇಕು, ಹುಳಿ ಎಷ್ಟಿರಬೇಕೆಂದರೆ ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚಬೇಕು. ಅವಳಿಗೂ ಕಲಿಸಿದ. ಮೊದಲ ಸಲ ತಿಂದಾಗ ಅವಳು ಮುಖ ಕಿವುಚಿ, ಸುಟ್ಟ ವಾಸನೆ, ನಾಲಿಗೆ ಚರ್ಮ ಕಿತ್ತುಬರುತ್ತದೆ ಎಂದಳು. ಅವನ ಮುಖ ಅರಳಿತು. ಅವನ ಕಡೆ ತಮ್ಮವರ ಅಡುಗೆಯನ್ನು ಯಾರೂ ಹೊಗಳುವುದಿಲ್ಲವಂತೆ. ಉಪ್ಪು ಜಾಸ್ತಿ, ನಿಮ್ಮಮ್ಮನ ಕೈ ನಿನಗೆ ಬರಲಿಲ್ಲ ಎಂದೆಲ್ಲ ಕೊಂಕು ತೆಗೆಯುತ್ತಾ ಮೂರನೇ ಸಲ ತಟ್ಟೆ ಚಾಚುತ್ತಾರಂತೆ. ಹೊಗಳುವುದು ಪರರ ಮನೆಯಲ್ಲಿ ಉಂಡಾಗ ಮಾತ್ರ. ಅವನ ಅಕ್ಕ ಮದುವೆಯಾದ ಹೊಸದರಲ್ಲಿ ಮಾವ ಒಮ್ಮೆ ಊಟ ಚೆನ್ನಾಗಿದೆ ಎಂದುಬಿಟ್ಟರಂತೆ. ನನ್ನನ್ನಿನ್ನೂ ಮನೆಯವಳು ಅಂದುಕೊಂಡಿಲ್ಲ ಎಂದು ಅಕ್ಕ ಒಳಗೆ ಹೋಗಿ ಅತ್ತಳಂತೆ.

"ಎಂಥ ಜನ ಅಣ್ಣಾ ನಿಮ್ಮವರು," ಎಂದಳು ಅವಳು.

"ಅದಕ್ಕೇ ಓಡಿ ಬಂದೆ," ಎಂದ ಅವನು. ಆದರೆ ಆ ನಾಡಿನ ಪತ್ರಿಕೆ ಒಂದು ದಿನ ಹಳೆಯದಾಗಿ ಬಸ್ ಸ್ಟ್ಯಾಂಡಿಗೆ ಬರುತ್ತಿತ್ತು. ಅದನ್ನು ಕೊಂಡು ಓದದೆ ಅವನು ಒಲೆ ಹೊತ್ತಿಸಿದವನಲ್ಲ.

ಅವನ ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಅಕ್ಕನ ಕಾಗದ ಬಂತು. ಇವನಿಗೆಂದು ಒಂದು ಕೋಣೆಗೆ ಸುಣ್ಣ ಬಳಿಸಿ ಇಟ್ಟಿದ್ದಾಳೆ, ಬಂದುಬಿಡು ಎಂದು. ಅದೇ ತಿಂಗಳು ಆ ನಾಡಿನಿಂದ ನೇರ ಬಸ್ಸು ಶುರುವಾಗುವುದಿತ್ತು. ಮೊದಲ ಬಸ್ಸಿನಲ್ಲಿ ಅಲ್ಲಿಯ ಡ್ರೈವರುಗಳು, ಅಧಿಕಾರಿಗಳು ಸೇರಿ ಇಪ್ಪತ್ತೆರಡು ಜನ ಬರುತ್ತಾರೆ, ಮಧ್ಯಾಹ್ನದ ಊಟ ನಮ್ಮ ಕ್ಯಾಂಟೀನಿನಲ್ಲೇ ಎಂದು ಮ್ಯಾನೇಜರು ಹೇಳಿಹೋದರು.

ಆಚೆಯಣ್ಣ ಎರಡು ದಿನ ತನ್ನವರನ್ನು ಬೈಯುವುದರಲ್ಲೇ ಕಳೆದ. ಮೂರನೆಯ ದಿನ ಕಾಳು ಆರಿಸುತ್ತಾ ಮೆತ್ತಗೆ ಹೇಳಿದ. "ಅವರಿಗೆ ನಮ್ಮ ಸಾರೇ ಮಾಡ್ತೀನಿ, ತಂಗಿ. ನಾನು ಅಲ್ಲಿಯವನು ಅಂತ ಯಾರೂ ಬಾಯಿ ಬಿಡಬಾರದು. ಉಂಡು ಬೈದ್ರೆ ನನ್ನ ಕೈ ಇನ್ನೂ ಅಲ್ಲಿಯದೇ ಅಂತ ಲೆಕ್ಕ, ಅಕ್ಕನ ಹತ್ರ ಹೋಗ್ತೀನಿ. ಹೊಗಳಿದ್ರೆ, ಅಲ್ಲಿ ಹೋಗಿ ನೆಂಟನ ಹಾಗೆ ಕೂತು ಏನು ಮಾಡ್ಲಿ?"

ಅವಳು ಹೂಂ ಎಂದಳು. ಇವನು ಹೋದರೆ ಆ ಓಣಿಯಂಥ ಅಡುಗೆಮನೆಯಲ್ಲಿ ತನ್ನ ಪಾಡೇನು ಎಂದು ಒಂದು ಯೋಚನೆ ಬಂತು. ಅದನ್ನು ಅಲ್ಲೇ ಅದುಮಿದಳು.

ಆ ದಿನ ಅವನು ಬೆಳಿಗ್ಗೆ ನಾಲ್ಕಕ್ಕೇ ಬಂದಿದ್ದ. ದೊಡ್ಡ ಹಂಡೆಯ ತುಂಬ ಕಾಳಿನ ಸಾರು. ಒಗ್ಗರಣೆ ಕೊಟ್ಟು ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಒಂದು ಕಣ್ಣು ಮುಚ್ಚಿತು. "ಬಂತು," ಎಂದ. ಹೊಸ ಅಂಗಿ ಹಾಕಿಕೊಂಡು ಬರಲು ಹೊರಗೆ ಹೋದ. ಅಷ್ಟರಲ್ಲಿ ಮ್ಯಾನೇಜರು ಬಸ್ಸು ಗೇಟಿಗೆ ಬಂತೆಂದು ಕೂಗುತ್ತಾ ಒಳಗೆ ನುಗ್ಗಿದರು. ಅವಳು ತಟ್ಟೆಗಳನ್ನು ಒರೆಸಿ ಕೊಟ್ಟಳು, ನೀರಿನ ಲೋಟ ಎಣಿಸಿದಳು, ಹಂಡೆಯನ್ನು ತಳದಿಂದ ಒಮ್ಮೆ ತಿರುವಿದಳು, ಮುಚ್ಚಳ ಮುಚ್ಚಿದಳು. ಮುಚ್ಚಳದಿಂದ ಕೈ ತೆಗೆಯುವಾಗ ಬೆರಳು ಅಂಟಿತು.

ಬೆಲ್ಲದ ಡಬ್ಬಿ ಬಾಯಿ ತೆರೆದುಕೊಂಡು ಪಕ್ಕದಲ್ಲೇ ಕೂತಿತ್ತು.

ಸೌಟಿನ ತುದಿಯಿಂದ ರುಚಿ ನೋಡಿದಳು. ಸಾರು ಇಲ್ಲಿಯದಾಗಿಹೋಗಿತ್ತು. ಆಚೆಯಣ್ಣ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಮದುವಣಿಗನ ಹಾಗೆ ಬಂದು ನಿಂತ. ಹೇಳಬೇಕೆಂದು ಅವಳು ಬಾಯಿ ತೆರೆದಳು. ಅವನು ಆಗಲೇ ಹಂಡೆಯ ಒಂದು ಕಿವಿ ಹಿಡಿದು, ಇನ್ನೊಂದನ್ನು ಹಿಡಿ ಎಂದು ಕಣ್ಣಲ್ಲೇ ಹೇಳಿದ. ಅವಳು ಹಿಡಿದಳು.

ಬಂದವರು ಗದ್ದಲವಿಲ್ಲದೆ ಉಂಡರು. ಆಚೆಯಣ್ಣ ಕಂಬದ ಪಕ್ಕ ಸೌಟು ಹಿಡಿದು ಕಾಯುತ್ತಿದ್ದ, ಯಾರಾದರೂ ಬೈದಾರೆಂದು. ಎಲ್ಲರಿಗಿಂತ ಹಿರಿಯ ಡ್ರೈವರ್, ದಪ್ಪ ಮೀಸೆಯವನು, ಕೈ ತೊಳೆದು ಬಂದು ಎರಡೂ ಕೈ ಜೋಡಿಸಿದ. ಇಲ್ಲಿಯ ಮಾತನ್ನು ತಡವರಿಸುತ್ತಾ ಆಡಿದ. "ಬಹಳ ಚೆನ್ನಾಗಿತ್ತು. ನಿಮ್ಮ ಕಡೆ ಊಟ ಒಳ್ಳೇದು ಅಂತ ಕೇಳಿದ್ದೆ. ಇವತ್ತು ಉಂಡೆ."

ಹಿಂದಿದ್ದವರೆಲ್ಲ ತಲೆಯಾಡಿಸಿದರು. ಮ್ಯಾನೇಜರು ಆಚೆಯಣ್ಣನ ಬೆನ್ನು ತಟ್ಟಿದರು. ಅವನೂ ಕೈ ಜೋಡಿಸಿದ. ನಾನು ನಿಮ್ಮವನೇ ಎನ್ನಲಿಲ್ಲ. ಹಂಡೆ ತೊಳೆಯುವುದು ಅವನ ಕೆಲಸವಲ್ಲ, ಅಂದು ತಾನೇ ತೊಳೆದ. ಒಂದು ತೊಟ್ಟೂ ಉಳಿದಿರಲಿಲ್ಲ, ಹಾಗಾಗಿ ಅವನ ನಾಲಿಗೆಗೆ ಅದು ಗೊತ್ತಾಗಲೇ ಇಲ್ಲ.

"ನೆಂಟರು ಉಂಡು ಹೋದ್ರು, ತಂಗಿ," ಎಂದ. ಅಂದೇ ಅಂಚೆಪೆಟ್ಟಿಗೆಗೆ ಕಾಗದ ಹಾಕಿ ಬಂದ, ಅಕ್ಕನಿಗೆ, ಬರುವುದಿಲ್ಲ ಎಂದು.

ನಿವೃತ್ತಿಯಾದ ಮೇಲೆ ಅವಳ ಬೀದಿಯ ಕೊನೆಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದ. ಬೆಳಿಗ್ಗೆ ಅವಳ ಮನೆಗೆ ಬಂದು ಚಹಾ ಕುಡಿಯುತ್ತಿದ್ದ, ಅವಳ ಮೊಮ್ಮಗಳಿಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದ. ಅವಳಿಗೆ ಬೇಕಾದದ್ದೇ ಆಗಿತ್ತು. ಆದರೆ ಒಂದು ಬದಲಾವಣೆ ಅವಳ ಕಣ್ಣಿಗೆ ಬಿತ್ತು. ಅವನು ತನ್ನ ನಾಡನ್ನು ಬೈಯುವುದು ಕಡಿಮೆಯಾಯಿತು, ಬರಬರುತ್ತಾ ನಿಂತೇಹೋಯಿತು. ಯಾರಾದರೂ ಕೆಣಕಿದರೆ, ಒಳ್ಳೆಯ ನಾಡು, ಒಳ್ಳೆಯ ಜನ ಎನ್ನುತ್ತಿದ್ದ, ಒಂದು ಸಲ ಹೋಗಿ ನೋಡಿಬಂದವರು ಹೇಳುವ ಹಾಗೆ. ಆ ಮರ್ಯಾದೆಯ ಮಾತು ಕೇಳಿದಾಗಲೆಲ್ಲ, ಇವತ್ತು ಹೇಳುತ್ತೇನೆ ಎಂದುಕೊಳ್ಳುವಳು, ಚಹಾ ಕೊಟ್ಟು ಸುಮ್ಮನಾಗುವಳು. ಹೀಗೆ ಒಂಬತ್ತು ವರ್ಷ.

ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಒಲೆಯ ಹೊಗೆ ಎಂದರು ಡಾಕ್ಟರು. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚ. ಅಕ್ಕನಿಗೆ ಸುದ್ದಿ ಹೋಯಿತು, ಶನಿವಾರದ ಬಸ್ಸಿಗೆ ಹೊರಡುತ್ತೇನೆಂದು ಹೇಳಿ ಕಳಿಸಿದಳು. ಅದನ್ನು ಕೇಳಿ ಆಚೆಯಣ್ಣ ಅಂದದ್ದು ಇಷ್ಟೇ: ಆ ವಯಸ್ಸಿನಲ್ಲಿ ಪಾಪ ಯಾಕೆ ತೊಂದರೆ ತೆಗೆದುಕೊಳ್ಳುತ್ತಾರೆ. ಒಡಹುಟ್ಟಿದವಳಿಗೆ ಬಹುವಚನ ಬಂದಿತ್ತು. ಮಂಚದ ಪಕ್ಕ ಕೂತಿದ್ದ ಇವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅಣ್ಣಾ, ಆವತ್ತಿನ ಸಾರಿಗೆ ನಾನು ಬೆಲ್ಲ ಹಾಕಿದ್ದೆ."

ಅವನಿಗೆ ಮೊದಲು ಯಾವ ಸಾರೆಂದು ತಿಳಿಯಲಿಲ್ಲ. ತಿಳಿದ ಮೇಲೆ ತಲೆದಿಂಬಿನಿಂದ ತಲೆ ಎತ್ತಿದ. "ಎಷ್ಟು?"

"ದಿನಾ ಹಾಕೋ ಹಾಗೆ. ಎರಡು ಹಿಡಿ. ಕೈಗೆ ಅಭ್ಯಾಸ, ಗೊತ್ತೇ ಆಗ್ಲಿಲ್ಲ."

"ಒಂಬತ್ತು ವರ್ಷ ಸುಮ್ಮನಿದ್ದೆಯಾ?"

"ಬೇಕಂತ ಹಾಕಲಿಲ್ಲ ಅಣ್ಣಾ," ಎಂದಳು. "ಆದ್ರೆ ಬೇಕಂತಲೇ ಸುಮ್ಮನಿದ್ದೆ. ನೀವು ಹೋಗ್ಬಿಡ್ತೀರಿ ಅಂತ."

ಅವನು ಗೋಡೆಯ ಕಡೆ ಹೊರಳಿದ. ಅವಳು ತಂದ ಗಂಜಿ ಆರಿ ಕೆನೆಗಟ್ಟಿತು. ಭೇಟಿಯ ಸಮಯ ಮುಗಿಯಿತೆಂದು ನರ್ಸು ಬಂದು ಹೇಳುವ ತನಕ ಅವಳು ಕುಳಿತಿದ್ದಳು. ಅವನು ತಿರುಗಲಿಲ್ಲ.

ಮರುದಿನ ಹೋಗಲು ಕಾಲು ಬರಲಿಲ್ಲ, ಆದರೂ ಹೋದಳು. ವಾರ್ಡಿನ ಬಾಗಿಲಲ್ಲೇ ಅವನ ದನಿ ಕೇಳಿಸಿತು. ಪಕ್ಕದ ಮಂಚದ ರೋಗಿಗೆ ಹೇಳುತ್ತಿದ್ದ, ಎರಡು ಮಾತಿಗೊಮ್ಮೆ ಕೆಮ್ಮುತ್ತಾ. "ಆ ಮೀಸೆಯವನು ಹೊತ್ತು ತಿರುಗ್ತಿದ್ದದ್ದು ನಾಲಿಗೆಯೋ ಚಪ್ಪಲಿ ಅಟ್ಟೆಯೋ? ಎರಡೇ ಹಿಡಿ ಬೆಲ್ಲ ಸ್ವಾಮೀ. ಅದರ ಕೆಳಗೆ ಸುಟ್ಟ ಬೆಳ್ಳುಳ್ಳಿ ಇದೆ ಅಂತ ಇಪ್ಪತ್ತೆರಡು ಜನರಲ್ಲಿ ಒಬ್ಬನಿಗೂ ಗೊತ್ತಾಗ್ಲಿಲ್ಲ. ನಮ್ಮ ಜನಾನೇ ಅಷ್ಟು. ಹೋಗಿ ಆ ಬಸ್ಸು ಹತ್ತಿ ನೋಡಿ, ಹೊರಡೋದೇ ಡ್ರೈವರನ ಹಲ್ಲುನೋವು ಹೋದ ಮೇಲೆ."

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬೈಗುಳ ಕೇಳಿ ಅಷ್ಟು ಹಗುರವಾದದ್ದು ಅವಳ ಜನ್ಮದಲ್ಲಿ ಇಲ್ಲ. ಹತ್ತಿರ ಹೋಗಿ ಸ್ಟೂಲಿನ ಮೇಲೆ ಕುಳಿತಾಗ ಅವನು ಅವಳನ್ನೂ ಬಿಡಲಿಲ್ಲ. ನಿನ್ನ ಕೈಗೆ ಸಕ್ಕರೆ ಕಾಯಿಲೆ ಬರಲಿ ಎಂದ, ಗಂಜಿಗೂ ಬೆಲ್ಲ ಹಾಕಿದ್ದೀಯೇನೋ ಎಂದು ಅನುಮಾನದಿಂದ ನೋಡಿದ, ಆಮೇಲೆ ನಾಲ್ಕು ಚಮಚ ಕುಡಿದ. ಅಷ್ಟರಲ್ಲೇ ಸುಸ್ತಾಗಿ ಕಣ್ಣು ಮುಚ್ಚಿದ. ನಿದ್ದೆ ಹೋದನೆಂದು ಅವಳು ಲೋಟ ತೊಳೆಯಲು ಎದ್ದಳು. ಅವನು ಅವಳ ಸೆರಗಿನ ತುದಿ ಹಿಡಿದ.

"ಅಕ್ಕ ನಾಳೆ ಬಂದವಳು ಮೊದಲು ನಿನ್ನ ಮನೆಗೇ ಬರ್ತಾಳೆ. ದಾರಿಯಲ್ಲಿ ಏನೂ ತಿನ್ನೋಳಲ್ಲ, ಹಸಿದಿರ್ತಾಳೆ. ಆ ಸಾರು ಮಾಡು ತಂಗಿ, ನಾನು ಕಲಿಸಿದ ಹಾಗೆ. ಬೆಲ್ಲದ ಡಬ್ಬಿ ಪಕ್ಕದ ಮನೆಯಲ್ಲಿಟ್ಟು ಬಾ. ಯಾರ ಅಡುಗೆ ಅಂತ ಹೇಳ್ಬೇಡ, ಸುಮ್ಮನೆ ಬಡಿಸು." ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಬೈದ್ರೆ, ಏನು ಬೈದ್ಲು ಅಂತ ಒಂದಕ್ಷರ ಬಿಡದೆ ಬಂದು ನನಗೆ ಹೇಳು. ಹೊಗಳಿದ್ರೆ ಹೇಳ್ಬೇಡ."