ಗಂಟೆಗೆ ಗಣಿತ, ಕೈಗೆ ನಿಂಬೆಹಣ್ಣು

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಯಂತ್ರಗಳಿಗೆ ಕಂಟ್ರೋಲ್ ಪೆಟ್ಟಿಗೆ ಮಾಡುತ್ತಿದ್ದರು. ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವವನು ನಾನೊಬ್ಬನೇ, ಹಾಗಾಗಿ ಅಲ್ಲಿನ ಮಹಾ ಪಂಡಿತನೂ ನಾನೇ.

ಲೈಬ್ರರಿಯಲ್ಲಿ ಜೆರಾಕ್ಸ್ ಮಾಡಿಸಿದ ಒಂದು ಲೇಖನ ನನಗೆ ಹುಚ್ಚು ಹಿಡಿಸಿತ್ತು. ಪ್ರೋಗ್ರಾಂ ಓಡಿಸಿ ನೋಡಿದರೆ ಸಾಲದು, ಯಾವ ಸಂದರ್ಭದಲ್ಲೂ ಅದು ತಪ್ಪುವುದಿಲ್ಲವೆಂದು ಹೈಸ್ಕೂಲಿನ ಪ್ರಮೇಯದ ಹಾಗೆ ಕಾಗದದ ಮೇಲೆ ಸಾಧಿಸಬೇಕು ಎಂದು ಅದರಲ್ಲಿತ್ತು. ಮಾಲೀಕರಿಗೆ ಇದು ಬಹಳ ಹಿಡಿಸಿತು, ಬಂದವರಿಗೆ ತೋರಿಸಬಹುದಲ್ಲ. ಊಟದ ಗಂಟೆ ಬಾರಿಸುವ ಪ್ರೋಗ್ರಾಮಿಗೆ ಮೊದಲು ಮಾಡು ಎಂದರು. ಮೂರು ವಾರ ಕೂತು, ಗಂಟೆ ಹನ್ನೆರಡೂವರೆಗೇ ಹೊಡೆಯುತ್ತದೆ ಎಂದು ಸಾಧಿಸಿದೆ. ತಪ್ಪಿದ್ದರೆ ಘೋರ ಅನಾಹುತವೇ ಆಗುತ್ತಿತ್ತು: ಡಬ್ಬಿಯೊಳಗಿನ ಚಿತ್ರಾನ್ನ ಐದು ನಿಮಿಷ ಕಾಯಬೇಕಾಗುತ್ತಿತ್ತು. ಆ ಹಾಳೆಗಳಿಗೆ ಬೈಂಡಿಂಗ್ ಹಾಕಿಸಿ ಗಾಜಿನ ಬೀರುವಿನಲ್ಲಿಟ್ಟರು.

ಆಮೇಲೆ ಬಂದದ್ದು ನಮ್ಮದೇ ಶೆಡ್ಡಿನ ಪವರ್ ಪ್ರೆಸ್ಸಿನ ಪೆಟ್ಟಿಗೆ. ತಗಡನ್ನು ಡೈ ಎಂಬ ಕೆಳಗಿನ ಅಚ್ಚಿನ ಮೇಲಿಟ್ಟು, ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಮೇಲಿನ ಭಾರಿ ಕಬ್ಬಿಣ ಕೆಳಗಿಳಿಯಬೇಕು. ಒಂದು ಕೈ ಡೈಯಲ್ಲಿ ಉಳಿಯಬಾರದೆಂದೇ ಈ ಏರ್ಪಾಡು.

"ಇದಕ್ಕೂ ಸಾಧಿಸ್ತಾ ಕೂತ್ರೆ ಟೈಮೆಲ್ಲಿದೆ ಕಣಯ್ಯ? ಸೋಮವಾರದಿಂದ ಓಡಬೇಕು. ಟೆಸ್ಟ್ ಮಾಡಿದೀವಲ್ಲ," ಎಂದರು ಮಾಲೀಕರು.

ನಿಜ, ಐನೂರು ಸಲ ಒತ್ತಿ ನೋಡಿದ್ದೆವು. ಕುಂಕುಮ ಹಚ್ಚಿ ಪೂಜೆ ಮಾಡಿ, ಡೈಯಲ್ಲಿ ನಿಂಬೆಹಣ್ಣಿಟ್ಟು ಅದನ್ನೂ ಒತ್ತಿಸಿದ್ದೆವು. ನಿಂಬೆಹಣ್ಣು ಯಾವ ತಕರಾರೂ ಮಾಡಲಿಲ್ಲ.

ತಕರಾರು ಮಾಡಿದವರು ಆ ಪ್ರೆಸ್ ನಡೆಸುವವರು. ಹೊಸಹಳ್ಳಿಯವರು, ಐವತ್ತು ದಾಟಿದ್ದರು. ಎಡಗೈಯ ಎರಡು ಬೆರಳನ್ನು ಹಿಂದೆ ಇನ್ನೊಂದು ಶೆಡ್ಡಿನ ಯಂತ್ರಕ್ಕೆ ಕೊಟ್ಟು ಬಂದಿದ್ದರು.

"ಐನೂರು ಸಲ ಸರಿ ಬಂತಲ್ಲ ಸಾರ್?"

"ಬಂತು."

"ಹಂಗಾದ್ರೆ ಇನ್ನೊಂದು ಸಲ ನಿಮ್ ಕೈ ಇಡಿ. ಒಂದು ಬಟನ್ ಮಾತ್ರ ನಾನು ಒತ್ತೀನಿ."

ನನ್ನ ಕೈ ತಾನಾಗಿ ಪ್ಯಾಂಟಿನ ಜೇಬು ಸೇರಿತು. ಮಾಲೀಕರಿಗೆ ಯಾರಿಗೋ ಅರ್ಜೆಂಟಾಗಿ ಫೋನ್ ಮಾಡುವುದು ನೆನಪಾಯಿತು. ಚಿತ್ರಾನ್ನಕ್ಕೆ ಮೂರು ವಾರ ಕೊಟ್ಟವನಿಗೆ ಒಬ್ಬರ ಕೈಗೆ ಮೂರು ದಿನ ಇರಲಿಲ್ಲ. ನನಗೆ ವಿಪರೀತ ನಾಚಿಕೆಯಾಯಿತು.

"ನಿಜವಾಗಿ ಹೆಂಗೆ ಕೆಲಸ ಮಾಡ್ತೀರ ಹೇಳಿ," ಎಂದೆ.

"ಒಂದು ಬಟನ್‌ಗೆ ಸೈಕಲ್ ಟ್ಯೂಬ್ ಬಿಗಿದು ಒತ್ತಿಟ್ಟುಬಿಡ್ತೀವಿ ಸಾರ್. ಬೇಗ ಆಗುತ್ತೆ."

ಈ ಜಾಣತನ ನನಗೆ ಗೊತ್ತಿತ್ತು. ಪ್ರತಿ ಸಲವೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡುವ ಹಾಗೆ ಬರೆದಿದ್ದೆ. ಆದರೂ ಸೋಮವಾರವನ್ನು ಮುಂದೂಡಿಸಿ, ಮಾಲೀಕರ ಗೊಣಗಾಟ ಕೇಳಿಸಿಕೊಳ್ಳುತ್ತ ಕಾಗದ ಹಿಡಿದು ಕೂತೆ. ಎಲ್ಲ ಸಂದರ್ಭವೂ ಸಲೀಸಾಗಿ ಸಾಧಿಸಲು ಬಂತು, ಒಂದನ್ನು ಬಿಟ್ಟು: ಕರೆಂಟ್ ಹೋಗಿ ಮತ್ತೆ ಬಂದ ಕ್ಷಣ. ಆಗ ನನ್ನ ಪ್ರೋಗ್ರಾಂ ಎರಡೂ ಬಟನ್ ಬಿಟ್ಟಿದ್ದಾರೆ ಎಂದು ತಾನೇ ಅಂದುಕೊಂಡು ಶುರುವಾಗುತ್ತಿತ್ತು. ಒಂದಕ್ಕೆ ಟ್ಯೂಬ್ ಬಿಗಿದಿದ್ದರೆ, ಇನ್ನೊಂದನ್ನು ಒಂದೇ ಕೈಯಲ್ಲಿ ಒತ್ತಿದರೆ ಸಾಕು, ಕಬ್ಬಿಣ ಇಳಿಯುತ್ತಿತ್ತು. ಆಗ ಇನ್ನೊಂದು ಕೈ ಡೈಯಲ್ಲೇ ಇರುತ್ತದೆ. ನಾವು ಟೆಸ್ಟ್ ಮಾಡಿದ ದಿನ ಕರೆಂಟ್ ಹೋಗಿರಲೇ ಇಲ್ಲ. ಬೆಂಗಳೂರಿನಲ್ಲಿ ಅಂಥ ಪವಾಡವನ್ನು ನೆಚ್ಚಿ ನಾವು ಯಂತ್ರ ಓಡಿಸಲು ಹೊರಟಿದ್ದೆವು.

ತಿದ್ದಿದೆ. ಈ ಸಲ ಕೊನೆಯ ಸಾಲಿನವರೆಗೂ ಸಾಧಿಸಿದೆ. ಒಂದು ಬಟನ್‌ಗೆ ಟ್ಯೂಬ್ ಬಿಗಿದು, ಮೇನ್ ಆರಿಸಿ ಮತ್ತೆ ಹಾಕಿಸಿದೆ. ಹಳೆಯ ಬಾಕಿ ತೀರಲಿ ಎಂದು ಅಂಗಿಯ ತೋಳು ಮಡಿಸಿ ಕೈಯನ್ನು ಡೈ ಕಡೆಗೆ ಚಾಚಿದೆ.

ಪ್ರೆಸ್ ನಡೆಸುವವರು ಇನ್ನೊಂದು ಬಟನ್ ಮುಟ್ಟಲಿಲ್ಲ. ಮೂರು ಬೆರಳಿನ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಎಳೆದರು.

"ತೆಗೀರಿ ಸಾರ್ ಕೈನ. ನಿಮ್ ಕಾಗದ ಸರಿಯಾಗೇ ಇರಬೋದು. ಈ ಕಬ್ಬಿಣಾನ ಮೇಲೆ ಹಿಡ್ಕೊಂಡಿರೋ ಸ್ಪ್ರಿಂಗು ಹಳೇದು."